ಏಳನೇ ಕಾಲಂನಲ್ಲಿ ಏನು ಬರೆದೆ?

"ರೀ ಮೇಡಂ... ನಿಮ್ಮನ್ನೇ! ಮೂರು ದಿನದಿಂದ ನೋಡ್ತಾ ಇದೀನಿ. ಯಾರು ನೀವು? ಯಾರು ಕಳಿಸಿದ್ದು ನಿಮ್ಮನ್ನ?"

ಅವಳು ಬೆಚ್ಚಿಬಿದ್ದಳು. ನೋಟ್‌ಬುಕ್ ಮುಚ್ಚುವಷ್ಟರಲ್ಲಿ ಅವನು ರಸ್ತೆ ದಾಟಿ ಎದುರಿಗೇ ಬಂದು ನಿಂತಿದ್ದ. ಎತ್ತರದ ಆಳು. ಮೈಮೇಲೆ ಹಳದಿ ಕೋಟು, ಕೊರಳಲ್ಲಿ ಪೀಪಿ, ಕೈಯಲ್ಲಿ ಕ್ಲಿಪ್ ಹಾಕಿದ ರಟ್ಟು. ಕಣ್ಣು ಕೆಂಪಗಿತ್ತು... ಸಿಟ್ಟಿಗೋ, ಧೂಳಿಗೋ, ದೇವರೇ ಬಲ್ಲ.

ಅವನ ಹಿಂದೆ ಆ ದೊಡ್ಡ ಕಂಪನಿಯ ಗೋದಾಮಿನ ಮೂರನೇ ಗೇಟು. ಗೇಟಿನಿಂದ ತಿರುವಿನವರೆಗೂ ಲಾರಿಗಳ ಸಾಲು. ಬೆಳಗಿನ ಎಂಟು ಗಂಟೆಗೇ ಡ್ರೈವರ್‌ಗಳು ಬೇಸತ್ತು ಹಾರ್ನ್ ಹೊಡೆಯುತ್ತಿದ್ದರು.

"ಯಾರೂ ಕಳಿಸಿಲ್ಲ. ನಾನೇ ಬಂದೆ," ಎಂದಳು.

"ಯಾಕೆ?"

"ನಿಮ್ಮ ಲಾರಿ ಎಣಿಸೋಕೆ."

"ಲಾರಿ ಎಣಿಸೋಕಾ?! ಬೇರೆ ಕೆಲಸ ಇಲ್ವಾ ನಿಮಗೆ?"

"ಇಲ್ಲ," ಎಂದಳು ಅವಳು. ಅದು ನಿಜವೇ ಆಗಿತ್ತು.

ಜಗಳ ಆಡಲು ಬಂದವನಿಗೆ ಎದುರಿನವರು ಒಪ್ಪಿಕೊಂಡುಬಿಟ್ಟರೆ ಕಷ್ಟವೇ. ಅವನು ಪೀಪಿಯನ್ನು ಸುಮ್ಮನೆ ಬೆರಳಲ್ಲಿ ತಿರುಗಿಸಿದ.

ಅವಳೇ ಮುಂದುವರಿಸಿದಳು. "ನಿನ್ನೆ ಹತ್ತು ಗಂಟೆಗೆ ಎರಡನೇ ಕಟ್ಟೆಗೆ ಸಾಮಾನು ಇಳಿಸೋಕೆ ಅಂತ ನಾಲ್ಕು ಲಾರಿಗೆ ಒಂದೇ ಸಮಯ ಕೊಟ್ಟಿದ್ರಿ. ಐದನೇ ಕಟ್ಟೆ ಮಧ್ಯಾಹ್ನದವರೆಗೂ ಖಾಲಿ ಇತ್ತು. ಡ್ರೈವರ್‌ಗಳನ್ನ ಕೇಳಿದೆ. ಹೋದ ವಾರಾನೂ ಹಾಗೇ ಆಗಿತ್ತಂತೆ."

ಅವನ ಮುಖ ಬದಲಾಯಿತು.

"ಕೊಟ್ಟಿದ್ದು ನಾನಲ್ಲ ಮೇಡಂ," ಎಂದ, ದನಿ ಇಳಿಸಿ. "ನಾಲ್ಕು ವಿಭಾಗದವರು ನಾಲ್ಕು ಪಟ್ಟಿ ಕಳಿಸ್ತಾರೆ. ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಗೊತ್ತಿರಲ್ಲ. ಬೈಗುಳ ಮಾತ್ರ ನಾಲ್ಕು ಕಡೆಯಿಂದಲೂ ನನಗೇ ಬರುತ್ತೆ."

"ಆ ನಾಲ್ಕನ್ನ ಒಂದು ಪಟ್ಟಿ ಮಾಡೋ ಸಾಫ್ಟ್‌ವೇರ್ ಬರೀತೀನಿ. ಅದೇ ನನ್ನ ಕೆಲಸ. ಅಂದ್ರೆ... ಕೊಟ್ರೆ."

ಅವನು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದ. ಬಿಸಿಲಿಗೆ ಬಾಡಿದ ಮುಖ. ಮೂರು ದಿನ ಬಸ್ ನಿಲ್ದಾಣದಲ್ಲಿ ನಿಂತು ನಿಂತು ಧೂಳು ಮೆತ್ತಿದ ಚಪ್ಪಲಿ. ಆದರೂ ಆ ನೋಟ್‌ಬುಕ್ಕನ್ನು ಎದೆಗೆ ಅವಚಿಕೊಂಡಿದ್ದ ರೀತಿ...

"ಮೊದಲು ನೀರು ಕುಡೀರಿ," ಎಂದ. "ಆಮೇಲೆ ಎಣಿಸುವಿರಂತೆ."

*

ಒಬ್ಬ ಹೆಣ್ಣುಮಗಳು ಯಾಕೆ ಬೇರೆಯವರ ಲಾರಿ ಎಣಿಸಬೇಕು ಹೇಳಿ? ಅದಕ್ಕೂ ಒಂದು ಕಥೆ ಇದೆ.

ಏಳು ವರ್ಷ ಅವಳು ಒಂದು ಸಣ್ಣ ಆಫೀಸಿನಲ್ಲಿ ಸಾಫ್ಟ್‌ವೇರ್ ಬರೆದಿದ್ದಳು. ಬರೆದವಳು ಅವಳು, ಗ್ರಾಹಕರ ಮುಂದೆ ನಿಂತು ಕೈಕುಲುಕಿದವನು ಯಜಮಾನ. ಒಂದು ದಿನ ಆಫೀಸು ಬಾಗಿಲು ಮುಚ್ಚಿತು. ಅವಳು ಬರೆದದ್ದನ್ನು ದಿನವೂ ಬಳಸುವವರು ನೂರಾರು ಜನ ಇದ್ದರು. ಅವಳ ಹೆಸರು ಗೊತ್ತಿದ್ದವರು ಒಬ್ಬರೂ ಇರಲಿಲ್ಲ.

ಇನ್ನು ಮುಂದೆ ಬರೆದರೆ ನನ್ನ ಹೆಸರಲ್ಲೇ ಬರೆಯಬೇಕು... ಅಂತ ಆವತ್ತೇ ನಿಶ್ಚಯಿಸಿದ್ದಳು.

ನಿಶ್ಚಯ ಮಾಡುವುದು ಸುಲಭ. ಕೆಲಸ ಕೊಡುವವರು ಬೇಕಲ್ಲ?

ಅಕ್ಕನ ಮನೆಯ ಹಿಂದಿನ ಕೋಣೆಯೇ ಅವಳ ಆಫೀಸಾಯಿತು. ಒಂದು ಮೂಲೆಯಲ್ಲಿ ಅವಳ ಮೇಜು, ಇನ್ನೊಂದು ಮೂಲೆಯಲ್ಲಿ ಅಕ್ಕನ ಹೊಲಿಗೆ ಮೆಷಿನ್ನು. ಅಲ್ಲಿ ಕೂತು ದೊಡ್ಡ ದೊಡ್ಡ ಕಂಪನಿಗಳಿಗೆ ಅರವತ್ತನಾಲ್ಕು ಮೇಲ್ ಬರೆದಳು. ಎರಡಕ್ಕೆ ಉತ್ತರ ಬಂತು. ಅದರಲ್ಲಿ ಒಂದು, 'ನಿಮ್ಮ ಮೇಲ್ ತಲುಪಿದೆ' ಅಂತ ಯಂತ್ರವೇ ಕಳಿಸಿದ್ದು!

ಇನ್ನೊಂದರಲ್ಲಿ ಕೇಳಿದ್ದರು: 'ನಮ್ಮಲ್ಲಿ ನಿಮಗೆ ಯಾರ ಪರಿಚಯ ಇದೆ?'

ಯಾರ ಪರಿಚಯವೂ ಇರಲಿಲ್ಲ.

"ಪರಿಚಯ ಬೇಕು ಅಂದ್ರೆ ನಿಮ್ಮ ಭಾವ ಇಲ್ವೇನೇ?" ಅಕ್ಕ ಸೂಜಿಗೆ ದಾರ ಪೋಣಿಸುತ್ತಾ ಹೇಳಿದ್ದಳು. "ಅವರ ಸ್ನೇಹಿತರ ಆಫೀಸಲ್ಲಿ ಕುರ್ಚಿ ಖಾಲಿ ಇದೆಯಂತೆ. ತಲೆ ಮೇಲೆ ಫ್ಯಾನು, ತಿಂಗಳಿಗೆ ಸರಿಯಾಗಿ ಸಂಬಳ. ಇನ್ನೇನು ಬೇಕು ನಿನಗೆ ಇರುವೆ?"

ಇರುವೆ... ಚಿಕ್ಕಂದಿನಿಂದ ಅಕ್ಕ ಕರೆಯುವುದೇ ಹಾಗೆ. ಒಂದು ಕಡೆ ನಿಲ್ಲುವುದಿಲ್ಲ, ಹೊರಲಾರದ್ದನ್ನೇ ಹೊರುತ್ತಾಳೆ ಅಂತ.

"ಭಾವನ ನಾದಿನಿ ಅಂತ ಕೆಲಸ ಕೊಡ್ತಾರೆ ಅಕ್ಕ. ಕೆಲಸ ಬರುತ್ತೆ ಅಂತ ಅಲ್ಲ."

"ಹೇಗೋ ಕೊಡ್ತಾರಲ್ಲ!"

ಕೊನೆಗೆ ಇಬ್ಬರೂ ಒಪ್ಪಂದಕ್ಕೆ ಬಂದರು. ಈ ತಿಂಗಳ ಕೊನೆಯೊಳಗೆ ಒಂದೇ ಒಂದು ಕಾಂಟ್ರಾಕ್ಟ್ ಬಂದರೆ ಸರಿ. ಬರದಿದ್ದರೆ ಒಂದನೇ ತಾರೀಕು ಆ ಕುರ್ಚಿಯಲ್ಲಿ ಹೋಗಿ ಕೂರುವುದು, ಮತ್ತೆ ಈ ವಿಷಯ ಎತ್ತದೇ ಇರುವುದು.

ಅದರ ಮಾರನೇ ದಿನ, ಅಕ್ಕ ಹೊಲಿದ ಬಟ್ಟೆಗಳನ್ನು ಕೊಟ್ಟು ಬರುವಾಗ, ಬಸ್ಸಿನ ಕಿಟಕಿಯಿಂದ ಅವಳಿಗೆ ಆ ಲಾರಿ ಸಾಲು ಕಂಡಿತು. ಮೇಲ್ ಬರೆದರೆ ಯಾರೂ ಓದುವುದಿಲ್ಲ. ಅವರಿಗೆ ನೋಯುತ್ತಿರುವುದು ಎಲ್ಲಿ ಅಂತ ಹುಡುಕಿ ಬರೆದರೆ...?

ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟಳು.

*

ಲಾರಿ ಡ್ರೈವರ್‌ಗಳು ಅವನನ್ನು 'ಪೀಪಿ ಸಾರ್' ಅನ್ನುತ್ತಿದ್ದರು. ಗೇಟಿನ ಮೇಲ್ವಿಚಾರಕ ಅಂತ ದೊಡ್ಡ ಹೆಸರಿದ್ದರೂ ಕೆಲಸವೆಲ್ಲ ಪೀಪಿ ಊದುವುದು, ಬೈಸಿಕೊಳ್ಳುವುದು, ಸಮಾಧಾನ ಮಾಡುವುದು. ಅವನು ತನ್ನ ಮೇಲಿನವರನ್ನು ಕೇಳಿ, ಹೋದ ತಿಂಗಳ ಹಳೇ ಪಟ್ಟಿಗಳನ್ನು ಅವಳಿಗೆ ಕೊಡಿಸಿದ.

ಆಮೇಲೆ ದಿನವೂ ಮಧ್ಯಾಹ್ನ ಒಂದು ಫೋನು. ಊಟದ ಹೊತ್ತಿನಲ್ಲಿ ಗೇಟು ಸ್ವಲ್ಪ ಸುಮ್ಮನಿರುತ್ತಿತ್ತು.

"ಮೇಡಂ, ಲಾರಿ ತಡವಾಗಿ ಬಂದ್ರೆ ನಿಮ್ಮ ಪಟ್ಟಿ ಏನು ಮಾಡುತ್ತೆ?"

"ಒಳ್ಳೇ ಪ್ರಶ್ನೆ. ನಮ್ಮ ತಂಡದವರನ್ನ ಕೇಳಿ ಹೇಳ್ತೀನಿ."

ತಂಡ! ಫೋನು ಮ್ಯೂಟ್ ಮಾಡಿ, ಒಂದು ಲೋಟ ನೀರು ಕುಡಿದು, ಅರ್ಧ ನಿಮಿಷ ಯೋಚಿಸಿ, ಮತ್ತೆ ಮಾತಾಡುತ್ತಿದ್ದಳು. "ಕೇಳಿದೆ. ಮುಂದಿನ ಖಾಲಿ ಕಟ್ಟೆಗೆ ಹಾಕುತ್ತಂತೆ."

"ನಿಮ್ಮ ಆಫೀಸಲ್ಲಿ ಏನದು ಟರ್‌ರ್ ಅಂತ ಶಬ್ದ?"

"ಪ್ರಿಂಟರ್," ಎಂದಳು, ಅಕ್ಕನ ಕಡೆ ಕಣ್ಣು ಬಿಟ್ಟು.

ಒಬ್ಬರೇ ಕೆಲಸ ಮಾಡುವವರು ಹೀಗೇ. ದೊಡ್ಡ ಕಂಪನಿಗೆ ಹೆದರಿಕೆ ಆಗಬಾರದು ಅಂತ 'ನಾವು' ಅನ್ನುತ್ತಾರೆ, 'ಲೆಕ್ಕ ವಿಭಾಗ', 'ಗ್ರಾಹಕ ಸೇವೆ' ಅಂತ ಬೇರೆ ಬೇರೆ ಮೇಲ್ ವಿಳಾಸ ಮಾಡಿಕೊಳ್ಳುತ್ತಾರೆ. ಕೊನೆಗೆ ಆ ಇಲ್ಲದ ಜನರನ್ನೆಲ್ಲ ಹೊತ್ತುಕೊಂಡೇ ತಿರುಗಬೇಕಾಗುತ್ತದೆ. ಅವಳಿಗೆ ಸುಸ್ತಾಗಿತ್ತು... ಕೆಲಸದಿಂದಲ್ಲ, ಈ ನಾಟಕದಿಂದ.

ದಿನ ಕಳೆದಂತೆ ಫೋನಿನಲ್ಲಿ ಲಾರಿಯ ಮಾತು ಕಡಿಮೆಯಾಯಿತು. "ಊಟ ಆಯ್ತಾ?" ಅನ್ನುವುದು ಮೊದಲಾಯಿತು. ಅವಳು "ಆಯ್ತು" ಅಂತ ಸುಳ್ಳು ಹೇಳಿದರೆ ಅವನಿಗೆ ಹೇಗೋ ಗೊತ್ತಾಗುತ್ತಿತ್ತು. "ಮೊದಲು ತಿಂದು ಬನ್ನಿ. ಲಾರಿ ಎಲ್ಲೂ ಓಡಿಹೋಗಲ್ಲ. ಓಡಿದ್ರೆ ನನಗೆ ಸಂತೋಷವೇ!"

ಅವಳು ನಗುತ್ತಿದ್ದಳು. ಎಷ್ಟೋ ತಿಂಗಳಿನಿಂದ ದಿನದಲ್ಲಿ ನಗುವ ಹೊತ್ತು ಅಂತ ಇದ್ದದ್ದು ಅದೊಂದೇ.

ಒಂದು ದಿನ ಅವನು ಹಿಂಜರಿಯುತ್ತಾ ಕೇಳಿದ. "ನಮ್ಮ ಗೋದಾಮಿನ ದೊಡ್ಡ ಸಾಹೇಬರು ನನಗೆ ಪರಿಚಯ. ಒಂದು ಮಾತು ಹೇಳಲಾ ನಿಮ್ಮ ಬಗ್ಗೆ?"

"ಬೇಡ!"

ಅವನು ಗಾಬರಿಯಾದ.

"ದಯವಿಟ್ಟು ಬೇಡ. ಶಿಫಾರಸಿನಿಂದ ಬರೋ ಕೆಲಸ ಮನೇಲೇ ಕಾಯ್ತಾ ಇದೆ. ಇದೊಂದನ್ನಾದ್ರೂ ನನ್ನ ಕೆಲಸ ನೋಡಿ ಕೊಡ್ಲಿ. ಕೊಡದಿದ್ರೆ ಬೇಡ. ನಿಮಗೆ ಅರ್ಥ ಆಗುತ್ತಾ?"

"ಆಗುತ್ತೆ," ಎಂದ ಅವನು ಮೆಲ್ಲಗೆ. "ನಾನು ಬಾಯಿ ಬಿಡಲ್ಲ."

ಅವಳೇ ಒಂದು ಹಾಳೆಯ ಪತ್ರ ಬರೆದು ಸಾಹೇಬರಿಗೆ ಕಳಿಸಿದಳು. ತನ್ನ ಬಗ್ಗೆ ಎರಡೇ ಸಾಲು. ಉಳಿದದ್ದೆಲ್ಲ ಅವರ ಗೇಟಿನ ಬಗ್ಗೆ: ಮೂರು ದಿನದಲ್ಲಿ ಎಷ್ಟು ಲಾರಿ, ಒಂದೊಂದು ಎಷ್ಟು ಹೊತ್ತು ಕಾಯಿತು, ಯಾವ ಕಟ್ಟೆ ಯಾವಾಗ ಖಾಲಿ ಇತ್ತು. ಕೊನೆಯಲ್ಲಿ, ಇಡೀ ಗೋದಾಮು ಬೇಡ, ಒಂದು ಗೇಟು ಎರಡು ವಾರ ಕೊಡಿ ಸಾಕು.

ನಾಲ್ಕನೇ ದಿನಕ್ಕೆ ಖರೀದಿ ವಿಭಾಗದಿಂದ ಕರೆ ಬಂತು. ಇನ್ನೆರಡು ದೊಡ್ಡ ಸಂಸ್ಥೆಗಳನ್ನೂ ಕರೆಯುತ್ತಾರಂತೆ. ಮೂವರೂ ಬಂದು ತಮ್ಮ ತಮ್ಮ ಕೆಲಸ ತೋರಿಸಬೇಕಂತೆ. ನೋಡಿದವರು ಅಂಕ ಕೊಡುತ್ತಾರಂತೆ.

ಕುಣಿಯುವಷ್ಟು ಖುಷಿಯಾಗಿ ಅವನಿಗೇ ಮೊದಲು ಫೋನು ಮಾಡಿದಳು. ಆ ಖುಷಿಯಲ್ಲೇ ಬಾಯಿ ತಪ್ಪಿತು.

"ಒಂದು ನಿಜ ಹೇಳ್ಲಾ? ನಮ್ಮ ತಂಡ ಅಂತ ಯಾರೂ ಇಲ್ಲ. ನಾನೊಬ್ಳೇ."

"ಹಾಂ?! ಹಾಗಾದ್ರೆ ಆ ಲೆಕ್ಕ ವಿಭಾಗದವರು?"

"ನಾನೇ."

"ಗ್ರಾಹಕ ಸೇವೆ?"

"ಅದೂ... ನಾನೇ."

"ಅಯ್ಯೋ! ಅವರು ಎಷ್ಟು ಮರ್ಯಾದೆಯಿಂದ ಬರೀತಾರೆ! ನಿಮಗಿಂತ ಒಳ್ಳೆಯವರು ಅಂದ್ಕೊಂಡಿದ್ನಲ್ಲ!"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವನು ಮತ್ತೇನೋ ಹೇಳಲು ಹೊರಟ. ಅಷ್ಟರಲ್ಲಿ ಗೇಟಿನಲ್ಲಿ ಯಾರೋ ಕೂಗಿದರು. "ನಾಳೆ ಮಾತಾಡ್ತೀನಿ," ಎಂದು ಇಟ್ಟುಬಿಟ್ಟ.

ನಾಳೆ ಫೋನು ಬರಲಿಲ್ಲ. ಬಂದದ್ದು ಒಂದು ಮೆಸೇಜು.

'ಇನ್ನು ಮುಂದೆ ಎಲ್ಲ ವಿಷಯಕ್ಕೂ ಖರೀದಿ ವಿಭಾಗವನ್ನು ಸಂಪರ್ಕಿಸಿ. ಧನ್ಯವಾದಗಳು.'

*

ಅಷ್ಟೇ?

ಅವಳು ಆ ಎರಡು ಸಾಲನ್ನು ಎಷ್ಟು ಸಲ ಓದಿದಳೋ. ಫೋನು ಮಾಡಿದಳು. ತೆಗೆಯಲಿಲ್ಲ. ಮಾರನೇ ದಿನವೂ ಮಾಡಿದಳು. ಇಲ್ಲ.

ಒಬ್ಬಳೇ ಅಂತ ಗೊತ್ತಾಯ್ತು... ಅದಕ್ಕೇ. ದೊಡ್ಡ ತಂಡ ಅಂತ ತಿಳಿದು ಮಾತಾಡ್ತಿದ್ದ. ಒಂಟಿ ಹೆಂಗಸು, ಹೊಲಿಗೆ ಮೆಷಿನ್ ಪಕ್ಕ ಕೂತು ಬರೀತಾಳೆ ಅಂತ ಗೊತ್ತಾದ ಮೇಲೆ ಯಾರಿಗೆ ಬೇಕು? ನಾಳೆ ಏನಾದರೂ ತಪ್ಪಾದರೆ ಬೈಸಿಕೊಳ್ಳೋನು ಅವನೇ ತಾನೆ?

ಅವಳಿಗೆ ಅಳು ಬಂತು. ಅತ್ತಳು. ಅಕ್ಕ ಮೆಷಿನ್ ನಿಲ್ಲಿಸಿ ನೋಡಿದಳು. ಸ್ವಲ್ಪ ಹೊತ್ತಿಗೆ ಒಂದು ಲೋಟ ಟೀ ತಂದಿಟ್ಟು ಹೋದಳು.

ಕೆಲಸ ತೋರಿಸುವ ದಿನ ಬಂದೇ ಬಂತು.

ಉದ್ದನೆಯ ಮೇಜು, ತಣ್ಣಗಿನ ಕೋಣೆ. ಅವಳು ಒಳಗೆ ಕಾಲಿಟ್ಟಾಗ ಅವನು ಅಲ್ಲೇ ನಿಂತು ಗೇಟಿನ ಕಷ್ಟ ವಿವರಿಸುತ್ತಿದ್ದ. ಹಳದಿ ಕೋಟು ಇರಲಿಲ್ಲ, ಇಸ್ತ್ರಿ ಮಾಡಿದ ಅಂಗಿ ಇತ್ತು. ಅವಳನ್ನು ನೋಡಿದ. ಮಾತು ಅರ್ಧಕ್ಕೇ ನಿಂತಿತು.

"ನಂದು ಆಯ್ತು ಸಾರ್," ಎಂದ.

ಕಾಗದ ಎತ್ತಿಕೊಂಡು ಅವಳ ಪಕ್ಕದಲ್ಲೇ ಹಾದು ಹೊರಗೆ ಹೋದ. ತಲೆ ಎತ್ತಲಿಲ್ಲ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ನನ್ನ ಮಾತು ಕೇಳಲೂ ಇಷ್ಟ ಇಲ್ಲ ಅವನಿಗೆ!

ಲ್ಯಾಪ್‌ಟಾಪ್ ತೆರೆದಳು. ಇನ್ನು ಕಳೆದುಕೊಳ್ಳುವುದು ಏನಿದೆ ಅನ್ನುವ ಸುಸ್ತಿಗೂ ಒಂದು ಬಲ ಇರುತ್ತದೆ ನೋಡಿ. ಬಣ್ಣಬಣ್ಣದ ಚಿತ್ರ ತೋರಿಸಲಿಲ್ಲ. ಅವರದೇ ಹೋದ ತಿಂಗಳ ಒಂದು ದಿನದ ನಾಲ್ಕು ಪಟ್ಟಿ ಹಾಕಿದಳು, ಒಂದು ಗುಂಡಿ ಒತ್ತಿದಳು, ಒಂದೇ ಪಟ್ಟಿ ಬಂತು. ಯಾವ ಕಟ್ಟೆಯೂ ಖಾಲಿ ಇಲ್ಲ. ಯಾವ ಲಾರಿಗೂ ಎರಡು ಸಮಯ ಇಲ್ಲ.

ಗೋದಾಮಿನ ಸಾಹೇಬರು ಮುಂದಕ್ಕೆ ಬಾಗಿ ನೋಡಿದರು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಮಾತ್ರ ಕುರ್ಚಿಗೆ ಒರಗಿಕೊಂಡೇ ಕೇಳಿದರು.

"ಎಲ್ಲಾ ಸರಿ. ನಿಮ್ಮ ತಂಡದಲ್ಲಿ ಎಷ್ಟು ಜನ?"

ಒಂದು ಕ್ಷಣ... ಒಂದೇ ಕ್ಷಣ ಬಾಯಿಗೆ ಸುಳ್ಳು ಬಂದಿತ್ತು.

"ನಾನೊಬ್ಳೇ ಸಾರ್."

"ನಾಳೆ ನಿಮಗೆ ಜ್ವರ ಬಂದ್ರೆ?"

"ಜ್ವರ ಬಂದ್ರೂ ಗೇಟು ನಡೀಬೇಕು. ಅದಕ್ಕೆ ದಿನಾ ಬೆಳಿಗ್ಗೆ ಐದೂವರೆಗೆ ಆ ದಿನದ ಪಟ್ಟಿ ಕಾಗದದ ಮೇಲೆ ಅಚ್ಚಾಗಿ ಗೇಟಿನಲ್ಲಿರುತ್ತೆ. ಕಂಪ್ಯೂಟರ್ ಕೆಟ್ರೂ ಆವತ್ತಿನ ಕೆಲಸ ನಿಲ್ಲಲ್ಲ. ನಾನು ಬರೆದ ಕೋಡ್ ಪೂರ್ತಿ ನಿಮ್ಮ ಹತ್ರಾನೇ ಇರುತ್ತೆ. ನನ್ನ ಹಾಗೇ ಒಬ್ಬರೇ ಕೆಲಸ ಮಾಡೋ ಇನ್ನೊಬ್ಬರು ಅದನ್ನ ಓದಿದಾರೆ. ನಾನು ಮಲಗಿದ್ರೆ ಅವರು ಬರ್ತಾರೆ ಅಂತ ಬರೆದುಕೊಟ್ಟಿದಾರೆ. ಇಲ್ಲಿದೆ ನೋಡಿ."

ಮುಖ್ಯಸ್ಥರು ಕುರ್ಚಿಯಿಂದ ಬೆನ್ನು ಎತ್ತಿ ಆ ಕಾಗದ ತೆಗೆದುಕೊಂಡರು.

ಹೊರಗೆ ಬಂದಾಗ ಮೊಗಸಾಲೆ ಖಾಲಿ ಇತ್ತು. ಅವನಿಗಾಗಿ ಕಣ್ಣು ಹುಡುಕಿತು. ಹುಡುಕಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

*

ತಿಂಗಳು ಮುಗಿಯಲು ಎರಡು ದಿನ ಇತ್ತು.

"ನೀವು ಗೆದ್ರಿ. ಬಂದು ಸಹಿ ಹಾಕಿ," ಎಂದರು ಖರೀದಿ ವಿಭಾಗದ ಮೇಡಂ ಫೋನಿನಲ್ಲಿ, ಕರೆಂಟ್ ಬಿಲ್ ಬಂದಿದೆ ಅನ್ನುವ ದನಿಯಲ್ಲಿ.

ಅವಳು ಓಡಿದಳು. ಮೇಡಂ ಮೂಗಿನ ತುದಿಗೆ ಕನ್ನಡಕ ಇಳಿಸಿ ಒಂದು ಕಟ್ಟು ಕಾಗದ ಮುಂದಿಟ್ಟರು. "ಓದಿ ಸಹಿ ಹಾಕಿ. ಓದದೇ ಹಾಕೋರೇ ಜಾಸ್ತಿ. ನೀವು ಓದಿ."

ಕೊನೆಯ ಹಾಳೆ ಘೋಷಣಾ ಪತ್ರ. ಏಳನೇ ಕಾಲಂ ಹೀಗಿತ್ತು:

'ಈ ಸಂಸ್ಥೆಯ ಯಾವುದೇ ನೌಕರರೊಂದಿಗೆ ನಿಮಗೆ ರಕ್ತಸಂಬಂಧ, ವೈವಾಹಿಕ ಸಂಬಂಧ ಅಥವಾ ಆಪ್ತ ವೈಯಕ್ತಿಕ ಒಡನಾಟ ಇದೆಯೇ? ಇದ್ದರೆ ವಿವರಿಸಿ.'

'ಇಲ್ಲ' ಅಂತ ಬರೆಯಲು ಪೆನ್ನು ಇಟ್ಟಳು. ಮನಸ್ಸು ಕಹಿಯಾಯಿತು. ಹೌದು, ಇಲ್ಲ. ಏನೂ ಇಲ್ಲ.

"ಮೇಡಂ... ಗೇಟಿನವರು ನನಗೆ ಎಷ್ಟು ಅಂಕ ಕೊಟ್ರು?"

"ಕೊಡಲಿಲ್ಲ. ಅಂಕ ಕೊಡಬೇಕಾದವರು ಮೂವರು. ಅವರು ಮೊದಲನೇ ದಿನವೇ ಹಿಂದೆ ಸರಿದ್ರು. ಉಳಿದ ಇಬ್ಬರ ಅಂಕದ ಮೇಲೆ ನೀವು ಗೆದ್ದಿದ್ದು."

"ಯಾಕೆ ಸರಿದ್ರು?"

ಮೇಡಂ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಇಪ್ಪತ್ತು ವರ್ಷ ಫೈಲು ನೋಡಿ ನೋಡಿ ದಣಿದ ಕಣ್ಣು ಅವು.

"ಇವೇ ಏಳು ಕಾಲಂ ಅವರೂ ತುಂಬಬೇಕು. ನಿಮ್ಮ ಬಗ್ಗೆ ಅಲ್ಲಿ ಏನು ಬರೆದಿದೆ ಅಂತ ಓದೋ ಹಕ್ಕು ನಿಮಗಿದೆ. ಯಾರೂ ಕೇಳಲ್ಲ ಅಷ್ಟೆ. ನೀವು ಕೇಳ್ತಾ ಇದೀರಾ?"

"ಕೇ... ಕೇಳ್ತಾ ಇದೀನಿ."

ಮೇಡಂ ಫೈಲು ತಿರುಗಿಸಿ ಇಟ್ಟರು. ನೀಲಿ ಶಾಯಿ, ದುಂಡಗಿನ ಅಕ್ಷರ.

'ಹೌದು. ಮೂರನೇ ಅರ್ಜಿದಾರರ ಮೇಲೆ ನನಗೆ ಮನಸ್ಸಾಗಿದೆ. ಈ ವಿಷಯ ಅವರಿಗೆ ಗೊತ್ತಿಲ್ಲ. ಯಾರ ಶಿಫಾರಸೂ ಇಲ್ಲದೆ ಈ ಕೆಲಸ ಗೆಲ್ಲಬೇಕು ಎಂಬುದು ಅವರ ಹಟ. ನಾನು ಅಂಕ ಕೊಟ್ಟರೆ ಆ ಹಟಕ್ಕೆ ಮೋಸವಾಗುತ್ತದೆ. ಆದ್ದರಿಂದ ಈ ಆಯ್ಕೆಯಿಂದ ನನ್ನನ್ನು ಕೈಬಿಡಬೇಕಾಗಿ ಕೋರುತ್ತೇನೆ.'

ಅಕ್ಷರಗಳು ಮಂಜಾದವು.

ಇವನು... ಇವನನ್ನು ನಾನು ಏನೇನೆಲ್ಲ ಅಂದುಕೊಂಡೆ!

"ಆವತ್ತಿನಿಂದ ನಿಮ್ಮ ಜೊತೆ ಮಾತಾಡಬಾರದು ಅಂತ ನಾವೇ ಹೇಳಿದ್ವಿ. ನಿಯಮ," ಎಂದರು ಮೇಡಂ. "ಅವರ ಭಾವನೆ ಅವರದ್ದು. ಅದರಿಂದ ನಿಮಗೆ ತೊಂದರೆ ಇಲ್ಲ. ನಿಮ್ಮ ಕಾಲಂನಲ್ಲಿ 'ಇಲ್ಲ' ಅಂದ್ರೆ ಇವತ್ತೇ ಮುಗೀತು."

"ಹೌದು ಅಂದ್ರೆ?"

"ಫೈಲು ಮೇಲಿನ ಸಮಿತಿಗೆ ಹೋಗುತ್ತೆ. ಎಷ್ಟು ದಿನವೋ ಗೊತ್ತಿಲ್ಲ. ರದ್ದಾದ್ರೂ ಆಗಬಹುದು. ಅಲ್ಲಿಯವರೆಗೆ ನೀವಿಬ್ಬರೂ ಒಂದು ಮಾತೂ ಆಡೋ ಹಾಗಿಲ್ಲ."

ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ಎರಡೇ ದಿನ. 'ಇಲ್ಲ' ಅಂತ ಎರಡಕ್ಷರ ಬರೆದರೆ ಕೆಲಸ ಅವಳದ್ದು, ಅವಳ ಹೆಸರಲ್ಲಿ. ಬರೆಯದಿದ್ದರೆ ಒಂದನೇ ತಾರೀಕು ಆ ಫ್ಯಾನಿನ ಕೆಳಗಿನ ಕುರ್ಚಿ.

'ಇಲ್ಲ' ಅಂತ ಬರೆದು ನಾಳೆ ಅವನ ಹತ್ತಿರ ಹೋಗಿ 'ಇದೆ' ಅನ್ನಲಾ? ಯಾರಿಗೂ ಗೊತ್ತಾಗಲ್ಲ... ನನಗೆ ಗೊತ್ತಾಗುತ್ತಲ್ಲ. ಇಲ್ಲದ ಜನರನ್ನು ಇದ್ದಾರೆ ಅಂತ ಹೇಳಿ ಹೇಳಿ ಸಾಕಾಗಿದೆ. ಈಗ ಇರುವವನನ್ನು ಇಲ್ಲ ಅನ್ನಬೇಕಾ?

ಅವಳು ಬರೆದಳು. 'ಹೌದು.' ಅದರ ಕೆಳಗೆ ಇನ್ನೆರಡು ಸಾಲು.

ಮೇಡಂ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನನಗೆ ಕೆಲಸ ಹೆಚ್ಚಿಸಿದ್ರಿ," ಎಂದರು. ಬೈದಂತೆ ಮಾತ್ರ ಕೇಳಿಸಲಿಲ್ಲ.

*

"ಕೈಗೆ ಬಂದಿದ್ದನ್ನ ಬಿಟ್ಟು ಬಂದ್ಯಾ?! ಬುದ್ಧಿ ನೆಟ್ಟಗಿದೆಯಾ ನಿನಗೆ?"

ಅಕ್ಕ ಕತ್ತರಿ ಹಿಡಿದುಕೊಂಡೇ ಎದ್ದು ನಿಂತಿದ್ದಳು. ತಂಗಿ ನೆಲದ ಮೇಲೆ, ಬಟ್ಟೆ ಚೂರುಗಳ ಮಧ್ಯೆ ಕೂತು ಎಲ್ಲ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಕತ್ತರಿ ಮೇಜಿನ ಮೇಲಿತ್ತು.

"ಅವನು ಹಾಗೆ ಬರೆದಿದ್ನಾ? ಆಫೀಸಿನ ಕಾಗದದ ಮೇಲೆ?"

"ಹೂಂ."

"ಪೆದ್ದ."

"ಹೂಂ."

"ನೀನು ಅವನಿಗಿಂತ ದೊಡ್ಡ ಪೆದ್ದಿ." ಅಕ್ಕ ತಂಗಿಯ ಕೂದಲಿಗೆ ಅಂಟಿದ್ದ ದಾರದ ತುಂಡು ಬಿಡಿಸಿದಳು. ಆಮೇಲೆ ಫೋನು ತೆಗೆದಳು. "ರೀ... ನಿಮ್ಮ ಸ್ನೇಹಿತರಿಗೆ ಹೇಳಿಬಿಡಿ. ಇವಳು ಬರಲ್ಲ. ಆ ಕುರ್ಚಿ ಬೇರೆ ಯಾರಿಗಾದ್ರೂ ಕೊಡ್ಲಿ. ಯಾಕೆ ಅಂದ್ರೆ? ಯಾಕೆ ಅಂತ ಮನೆಗೆ ಬನ್ನಿ, ಹೇಳ್ತೀನಿ."

ಅವಳು ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿದಳು.

ಒಂದನೇ ತಾರೀಕು ಬಂತು, ಹೋಯಿತು. ಎರಡು, ಮೂರು, ನಾಲ್ಕು... ಕೆಲಸವೂ ಇಲ್ಲ, ಕುರ್ಚಿಯೂ ಇಲ್ಲ, ಮಧ್ಯಾಹ್ನದ ಫೋನೂ ಇಲ್ಲ. ಬಸ್ಸಿನಲ್ಲಿ ಆ ಗೇಟು ದಾಟುವಾಗ ಅವಳು ಆ ಕಡೆ ನೋಡುತ್ತಿರಲಿಲ್ಲ. ನೋಡಿದರೆ ಇಳಿದುಬಿಡುತ್ತೇನೆ ಅಂತ ಗೊತ್ತಿತ್ತು. ಕಾಯುವುದು ಇಷ್ಟು ದಣಿವಿನ ಕೆಲಸ ಅಂತ ಅವಳಿಗೆ ಗೊತ್ತಿರಲಿಲ್ಲ.

ಒಂಬತ್ತನೇ ದಿನ ಖರೀದಿ ಮೇಡಂ ಫೋನು ಮಾಡಿದರು.

"ಸಮಿತಿ ಒಪ್ಪಿದೆ. ಅಂಕ ಕೊಟ್ಟ ಇಬ್ಬರಿಗೂ ಈ ವಿಷಯ ಗೊತ್ತಿರಲಿಲ್ಲ, ಹಾಗಾಗಿ ಆಯ್ಕೆ ಸರಿ ಇದೆ ಅಂತ ಬರೆದಿದಾರೆ. ಒಂದೇ ಷರತ್ತು. ನಿಮ್ಮ ಕೆಲಸ ಸರಿ ಇದೆ ಅಂತ ಸಹಿ ಹಾಕೋರು ಗೋದಾಮಿನ ಸಾಹೇಬರು, ಗೇಟಿನವರಲ್ಲ. ಬನ್ನಿ."

ಫೋನು ಇಡುವ ಮುನ್ನ ಸೇರಿಸಿದರು. "ಇನ್ನು ಮಾತಾಡಬಹುದು."

*

ಸಹಿ ಹಾಕಿ ಅವಳು ನೇರ ಮೂರನೇ ಗೇಟಿಗೆ ನಡೆದಳು. ಮಧ್ಯಾಹ್ನದ ಹೊತ್ತು. ಕಾವಲಿನ ಕೋಣೆಯ ಪಕ್ಕದ ಬೆಂಚಿನ ಮೇಲೆ ಅವನು ಊಟದ ಡಬ್ಬಿ ಬಿಚ್ಚದೆ ಕೂತಿದ್ದ. ಅವಳನ್ನು ಕಂಡು ತಟ್ಟನೆ ಎದ್ದ. ಸೊರಗಿದ್ದ.

"ಮೇಡಂ... ಮಾತಾಡಬಾರದು. ಫೈಲು ಇನ್ನೂ..."

"ಮುಗೀತು. ಸಹಿ ಹಾಕಿ ಬಂದೆ."

ಅವನ ಎದೆಯಿಂದ ಉಸಿರು ಹೊರಬಿತ್ತು. ಬೆಂಚಿನ ಬೆನ್ನು ಹಿಡಿದುಕೊಂಡ.

"ಗೆದ್ರಿ... ಕೊನೆಗೂ! ಒಂಬತ್ತು ದಿನ ನನಗೆ ಊಟ ಸೇರಿಲ್ಲ. ಎಲ್ಲಾ ನನ್ನಿಂದ. ನಾನು ಆ ಫಾರ್ಮ್‌ನಲ್ಲಿ ಹಾಗೆ ಬರೆಯದೇ ಇದ್ದಿದ್ರೆ ನಿಮ್ಮ ಫೈಲು ಮೇಲಕ್ಕೆ ಹೋಗ್ತಾನೇ ಇರಲಿಲ್ಲ. ಸುಮ್ಮನೆ ಹಿಂದೆ ಸರಿದಿದ್ರೆ ಸಾಕಿತ್ತು. ಕಾರಣ ಬರೀಲೇಬೇಕು ಅಂದ್ರು. ಸುಳ್ಳು ಬರೆಯೋಕೆ ಕೈ ಬರಲಿಲ್ಲ. ಕ್ಷಮಿಸಿಬಿಡಿ."

ಅವನು ನೆಲ ನೋಡುತ್ತಾ ಒಂದೇ ಉಸಿರಿನಲ್ಲಿ ಹೇಳಿದ. ಪಾಪ, ಈ ಒಂಬತ್ತು ದಿನ ಆ ಮಾತನ್ನು ಎಷ್ಟು ಸಲ ಒಳಗೊಳಗೇ ಹೇಳಿಕೊಂಡಿದ್ದನೋ!

"ಫೈಲು ನಿಂತಿದ್ದು ನಿಮ್ಮ ಫಾರ್ಮ್‌ನಿಂದ ಅಲ್ಲ," ಎಂದಳು.

"ಮತ್ತೆ?"

"ನಂದರಿಂದ."

ಅವನು ತಲೆ ಎತ್ತಿದ.

"ನಿಮ್ಮದರಲ್ಲಿ... ಏನಿತ್ತು?"

"ಅದೇ ಏಳನೇ ಕಾಲಂ. ಹೌದು ಅಂತ ಬರೆದೆ."

ಅವನು ಕೊರಳ ಪೀಪಿ ತೆಗೆದ, ಮತ್ತೆ ಹಾಕಿಕೊಂಡ. ದಿನವಿಡೀ ನೂರು ಡ್ರೈವರ್‌ಗಳಿಗೆ ಉತ್ತರ ಕೊಡುವವನು!

"ವಿವರಿಸಿ ಅಂತ ಇತ್ತು. ಅದಕ್ಕೆ ವಿವರಾನೂ ಬರೆದೆ," ಎಂದಳು. "'ಅವರ ಕಡೆಯಿಂದ ಇರುವುದು ನನಗೆ ಇವತ್ತು ಗೊತ್ತಾಯಿತು. ನನ್ನ ಕಡೆಯಿಂದ ಮೊದಲೇ ಇತ್ತು.' ಅಷ್ಟೇ ಬರೆದಿದ್ದು."

"ರದ್ದಾಗಿದ್ರೆ?" ಅವನ ಕಣ್ಣು ತುಂಬಿತ್ತು. "ಅಷ್ಟು ಕಷ್ಟಪಟ್ಟು ಬಂದ ಕೆಲಸ... ಹೋಗಿಬಿಟ್ಟಿದ್ರೆ ಏನು ಮಾಡ್ತಿದ್ರಿ?"

"ಅಳ್ತಿದ್ದೆ. ಆಮೇಲೆ ನಿಮಗೆ ಫೋನು ಮಾಡ್ತಿದ್ದೆ."

ಅವನು ನಕ್ಕ. ನಗುತ್ತಲೇ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಅವಳು ನಗಲು ಹೋದಳು, ಆಗಲಿಲ್ಲ. ಇಷ್ಟು ದಿನ ಗಟ್ಟಿಯಾಗಿ ಹಿಡಿದು ನಿಲ್ಲಿಸಿದ್ದ ಮೈಯೆಲ್ಲ ಒಮ್ಮೆಗೇ ಭಾರವಾಯಿತು.

"ತುಂಬಾ ಸುಸ್ತಾಗಿದೆ," ಎಂದಳು, ಮಗುವಿನ ಹಾಗೆ. ಅದನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ.

"ಗೊತ್ತು," ಎಂದ. ಬೆಂಚಿನ ಮೇಲೆ ಜಾಗ ಮಾಡಿದ. "ಕೂತ್ಕೊಳ್ಳಿ. ಇವತ್ತು ಏನೂ ಮಾತಾಡೋದು ಬೇಡ."

ಅವಳು ಕೂತಳು. ಸ್ವಲ್ಪ ಹೊತ್ತಿಗೆ ಅವಳ ತಲೆ ತಾನಾಗಿಯೇ ಅವನ ಹೆಗಲಿಗೆ ಬಂತು. ಅವನು ಉಸಿರು ಬಿಗಿಹಿಡಿದು, ಅಲುಗಾಡದೆ ಕೂತ.

"ಎಲ್ಲರೂ ನೋಡ್ತಾ ಇದಾರೆ," ಎಂದಳು ಕಣ್ಣು ಮುಚ್ಚಿಕೊಂಡೇ.

"ನೋಡ್ಲಿ ಬಿಡಿ. ಇಬ್ಬರೂ ಬರೆದುಕೊಟ್ಟಾಗಿದೆ."